ಮಳೆಯ ಸಂಜೆ, ಮನಸ್ಸಿನ ಪ್ರಶ್ನೆ



 

ಈಗ ಹಸ್ತಾ ಮಳೆ. ಹೊರಗೆ ಜಿಟಿಜಿಟಿ ಹನಿ ಬೀಳುತ್ತಿದೆ. ಚಳಿ ಇಲ್ಲ, ಸೆಕೆಯೂ ಇಲ್ಲ. ಹೊಲದ ಕೆಲಸ ನಿಂತಿದೆ. ಕೆಲವರು ರೊಟ್ಟಿ ಬಡಿದು ಬಂದಿದ್ದೀರಿ. ಕೆಲವರು ಹೋಗಿ ಬಡಿಯಬೇಕು. ಇರಲಿ, ಸ್ವಲ್ಪ ಹೊತ್ತು ಕೂತು ಮಾತಾಡೋಣ.

ಇವತ್ತು ನಾವು ದೊಡ್ಡ ವಿಷಯ ಏನೂ ತಂದಿಲ್ಲ. ದಿನಾ ಕಣ್ಣಿಗೆ ಕಾಣುವ, ಮೂಗಿಗೆ ತಾಕುವ, ಕಿವಿಗೆ ಕೇಳುವ ಸಂಗತಿಗಳನ್ನೇ ಎತ್ತಿಕೊಂಡಿದ್ದೇವೆ. ಬಸವಕಲ್ಯಾಣ, ಹುಮನಾಬಾದ ಕಡೆಯ ಯಾವ ಊರಿನಲ್ಲಿ ಹೆಣ್ಣುಮಕ್ಕಳು ಕೂಡಿದರೂ ಮಳೆಯ ಮಾತು ಬಂದೇ ಬರುತ್ತದೆ. ಮಾತಿನ ನಡುವೆ ಪ್ರಶ್ನೆಯೂ ಬರುತ್ತದೆ.

"ಮಳಿ ಬಂದ್ರ ಮಣ್ಣು ಯಾಕ ಘಮ್ ಅಂತದ?"

"ಮೊದ್ಲು ಮಿಂಚು, ಆಮ್ಯಾಲ ಗುಡುಗು. ಯಾಕ್ರಿ?"

"ದೀಪ ಹಚ್ಚಿದ್ರ ಈ ಹುಳಾ ಎಲ್ಲಿಂದ ಬರ್ತಾವ?"

ಇವೆಲ್ಲ ಒಳ್ಳೆಯ ಪ್ರಶ್ನೆಗಳು. ಆದರೆ ನಮ್ಮಲ್ಲಿ ಎಷ್ಟೋ ಜನ ಪ್ರಶ್ನೆಯನ್ನು ಬಾಯಿತನಕ ತಂದು ನುಂಗಿಬಿಡುತ್ತೇವೆ. "ನಕ್ಕಾರು" ಅಂತ ಹೆದರಿಕೆ. "ಇಷ್ಟು ವಯಸ್ಸಾದ ಮೇಲೆ ಇದೆಲ್ಲ ಯಾಕೆ" ಅಂತ ಸಂಕೋಚ. ಚಿಕ್ಕವರಿದ್ದಾಗ ಕೇಳಿದರೆ "ಹೆಣ್ಣುಮಗಳಿಗೆ ಅದೆಲ್ಲ ಯಾಕ ಬೇಕು, ಸುಮ್ಮಿರು" ಅಂದಿರುತ್ತಾರೆ. ಆ ಮಾತು ಇನ್ನೂ ಕಿವಿಯಲ್ಲೇ ಕೂತಿದೆ.

ಇವತ್ತು ಆ ಮಾತನ್ನು ಹೊರಗೆ ಹಾಕೋಣ.

ಮೊದಲ ಪ್ರಶ್ನೆ: ಮಳೆಗೆ ಹೆಸರು ಇಟ್ಟವರು ಯಾರು?

ಉತ್ತರಿ, ಹಸ್ತಾ, ಚಿತ್ತಿ, ಸ್ವಾತಿ. ಈ ಹೆಸರುಗಳು ನಮಗೆ ಬಾಯಿಪಾಠ. ಪುಸ್ತಕ ಓದಲು ಬಾರದ ನಮ್ಮ ಅಜ್ಜಿಯರಿಗೂ ಗೊತ್ತಿದ್ದವು. ಇವು ನಕ್ಷತ್ರಗಳ ಹೆಸರು. ಆಕಾಶದ ದಾರಿಯನ್ನು ಹಿಂದಿನವರು 27 ಭಾಗ ಮಾಡಿದರು. ಒಂದೊಂದು ಭಾಗಕ್ಕೆ ಒಂದೊಂದು ನಕ್ಷತ್ರದ ಹೆಸರು ಕೊಟ್ಟರು. ಸೂರ್ಯ ಒಂದು ವರ್ಷದಲ್ಲಿ ಈ 27 ಮನೆ ದಾಟಿದಂತೆ ನಮಗೆ ಕಾಣುತ್ತದೆ.

ಈಗ ಲೆಕ್ಕ ಮಾಡಿ. ವರ್ಷಕ್ಕೆ 365 ದಿನ. 27 ಮನೆ. ಒಂದು ಮನೆಗೆ ಎಷ್ಟು ದಿನ ಬಂತು? ಹದಿಮೂರುವರೆ ದಿನ. ಅದಕ್ಕೇ ಒಂದೊಂದು ಮಳೆ ಹದಿಮೂರು-ಹದಿನಾಲ್ಕು ದಿನ ಇರುತ್ತದೆ. ಹಸ್ತಾ ಮಳೆ ಸೆಪ್ಟೆಂಬರ್ ಕೊನೆಗೆ ಹತ್ತುತ್ತದೆ. ಅಕ್ಟೋಬರ್ 10ರ ಹೊತ್ತಿಗೆ ಚಿತ್ತಿ. 24ರ ಹೊತ್ತಿಗೆ ಸ್ವಾತಿ.

ನಕ್ಷತ್ರ ಮಳೆ ತರುವುದಿಲ್ಲ. ನಕ್ಷತ್ರ ಕ್ಯಾಲೆಂಡರ್ ಇದ್ದಂತೆ. ಕ್ಯಾಲೆಂಡರ್ ಹಬ್ಬವನ್ನು ತರುವುದಿಲ್ಲ, ಹಬ್ಬ ಯಾವತ್ತು ಅಂತ ತಿಳಿಸುತ್ತದೆ. ಹಾಗೆಯೇ ಇದು. ಗಡಿಯಾರ ಇಲ್ಲದ ಕಾಲದಲ್ಲಿ, ಅಚ್ಚಿನ ಪಂಚಾಂಗ ಇಲ್ಲದ ಕಾಲದಲ್ಲಿ, ಬಿತ್ತುವ ಹೊತ್ತನ್ನು ನೆನಪಿಡಲು ರೈತರು ಕಂಡುಕೊಂಡ ಲೆಕ್ಕ. ಹಿಂಗಾರಿ ಜೋಳ, ಕಡಲೆ ಬಿತ್ತುವವರಿಗೆ ಈ ಲೆಕ್ಕ ಇವತ್ತಿಗೂ ಬೇಕು.

ಎರಡನೆಯ ಪ್ರಶ್ನೆ: ಈ ದಿನಗಳಲ್ಲಿ ಮಳೆ ಸಂಜೆಗೇ ಯಾಕೆ ಬರುತ್ತದೆ?

ಅನ್ನ ಕುದಿಯುವಾಗ ಮುಚ್ಚಿದ ತಟ್ಟೆ ತೆಗೆದು ನೋಡಿದ್ದೀರಿ. ತಟ್ಟೆಯ ಕೆಳಗೆ ನೀರಿನ ಹನಿ ಇರುತ್ತದೆ. ಒಲೆಯ ಬಿಸಿಗೆ ನೀರು ಉಗಿಯಾಯಿತು. ಉಗಿ ಮೇಲೆ ಹೋಯಿತು. ತಟ್ಟೆಗೆ ತಾಕಿ ತಣ್ಣಗಾಯಿತು. ಮತ್ತೆ ನೀರಾಯಿತು.

ಆಕಾಶದಲ್ಲಿ ನಡೆಯುವುದೂ ಇದೇ. ಮಳೆಗಾಲದ ಕೊನೆಗೆ ನೆಲ ಹಸಿ ಇರುತ್ತದೆ. ಕೆರೆ, ಹಳ್ಳ ತುಂಬಿರುತ್ತವೆ. ಹಗಲು ಬಿಸಿಲು ಚುರುಕಾಗಿ ಹೊಡೆಯುತ್ತದೆ. ಒಲೆಯ ಕೆಲಸವನ್ನು ಬಿಸಿಲು ಮಾಡುತ್ತದೆ. ಮಧ್ಯಾಹ್ನದ ತನಕ ನೆಲ ಕಾಯುತ್ತದೆ. ಬಿಸಿ ಗಾಳಿ ನೀರಿನ ಆವಿ ಹೊತ್ತು ಮೇಲೇರುತ್ತದೆ. ಮೇಲೆ ಹೋದಂತೆ ತಂಪು. ಆವಿ ಹನಿಯಾಗಿ ಮೋಡ ಕಟ್ಟುತ್ತದೆ. ಸಂಜೆಗೆ ಮಳೆ ಸುರಿಯುತ್ತದೆ.

ಕೆಲವು ಸಲ ಮಳೆ ದೂರದಿಂದಲೂ ಬರುತ್ತದೆ. ಬಂಗಾಳ ಕೊಲ್ಲಿಯಲ್ಲಿ ಗಾಳಿಯ ಒತ್ತಡ ಕಡಿಮೆಯಾದರೆ ಅಲ್ಲಿಂದ ಮೋಡಗಳು ತೆಲಂಗಾಣ ದಾಟಿ ನಮ್ಮ ತನಕ ಬರುತ್ತವೆ. ಆಗ ಒಂದು ಸಂಜೆಗೆ ಮುಗಿಯುವುದಿಲ್ಲ. ಎರಡು-ಮೂರು ದಿನ ಬಿಡದೆ ಹಿಡಿಯುತ್ತದೆ.

ಬಿದ್ದ ನೀರು ಎಲ್ಲಿಗೆ ಹೋಗುತ್ತದೆ? ಇದು ನಮ್ಮ ಕಡೆಯ ಸೋಜಿಗ. ಬೀದರ ಜಿಲ್ಲೆಯ ನೀರಿಗೆ ಎರಡು ದಾರಿ. ಒಂದು ಕಡೆಯ ನೀರು ಕಾರಂಜಾ, ಮಾಂಜ್ರಾ ಹಿಡಿದು ಗೋದಾವರಿಗೆ ಹೋಗುತ್ತದೆ. ಇನ್ನೊಂದು ಕಡೆಯ ನೀರು ಮುಲ್ಲಾಮಾರಿ ಹಿಡಿದು, ಕಾಗಿಣಾ ಸೇರಿ, ಭೀಮಾ ಸೇರಿ, ಕೃಷ್ಣೆಗೆ ಹೋಗುತ್ತದೆ. ಒಂದೇ ಮೋಡದ ಎರಡು ಹನಿ. ಒಂದು ಗೋದಾವರಿಯ ಪಾಲು, ಒಂದು ಕೃಷ್ಣೆಯ ಪಾಲು. ಅಕ್ಕ-ತಂಗಿ ಎರಡು ಊರಿಗೆ ಸೊಸೆಯಾಗಿ ಹೋದಂತೆ. ಕೊನೆಗೆ ಇಬ್ಬರೂ ಬಂಗಾಳ ಕೊಲ್ಲಿಯಲ್ಲೇ ಕೂಡುತ್ತಾರೆ.

ಹೋಗುವ ನೀರನ್ನು ಸ್ವಲ್ಪ ಹಿಡಿದಿಡಬಹುದು. ಮಳೆಯನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ತಗಡಿನ ಮಾಳಿಗೆ ಇದೆ ಅನ್ನಿ. ಅದರ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ನೀರು ಎಷ್ಟು? 90 ಲೀಟರಿಗೂ ಹೆಚ್ಚು. 15 ಲೀಟರಿನ ಕೊಡದಲ್ಲಿ ಆರು ಕೊಡ. ತಲೆಯ ಮೇಲೆ ಆರು ಕೊಡ ಹೊತ್ತವರಿಗೆ ಈ ಲೆಕ್ಕದ ಬೆಲೆ ಗೊತ್ತು. ಬಟ್ಟೆಗೆ, ಪಾತ್ರೆಗೆ, ದನಗಳಿಗೆ ಈ ನೀರು ಸಾಕು.

ಮೂರನೆಯ ಪ್ರಶ್ನೆ: ಮಣ್ಣಿನ ವಾಸನೆ ಎಲ್ಲಿಂದ ಬರುತ್ತದೆ?

ನೀರಿಗೆ ವಾಸನೆ ಇಲ್ಲ. ಒಣ ಮಣ್ಣಿಗೂ ಹೆಚ್ಚು ವಾಸನೆ ಇಲ್ಲ. ಎರಡೂ ಕೂಡಿದರೆ ಘಮ ಘಮ. ಯಾಕೆ?

ಮಣ್ಣಿನೊಳಗೆ ಕಣ್ಣಿಗೆ ಕಾಣದ ಸಣ್ಣ ಜೀವಿಗಳಿವೆ. ಒಂದು ಹಿಡಿ ಮಣ್ಣಿನಲ್ಲಿ ಕೋಟಿ ಕೋಟಿ ಇರುತ್ತವೆ. ಅವುಗಳಲ್ಲಿ ಕೆಲವು ಒಂದು ವಸ್ತುವನ್ನು ತಯಾರಿಸುತ್ತವೆ. ಅದರ ಹೆಸರು ಜಿಯೋಸ್ಮಿನ್. ಬೇಸಿಗೆಯಲ್ಲಿ ಗಿಡಗಳಿಂದ ಬರುವ ಎಣ್ಣೆಯ ಅಂಶವೂ ಕಲ್ಲು-ಮಣ್ಣಿನಲ್ಲಿ ಸೇರಿರುತ್ತದೆ. ಮಳೆಯ ಹನಿ ನೆಲಕ್ಕೆ ಬಿದ್ದಾಗ ಸಣ್ಣ ಗುಳ್ಳೆಗಳು ಏಳುತ್ತವೆ. ಗುಳ್ಳೆ ಒಡೆದು ಈ ವಾಸನೆ ಗಾಳಿಗೆ ಹಾರುತ್ತದೆ. ಜೋರು ಮಳೆಗಿಂತ ಮೆತ್ತಗಿನ ಮಳೆಯಲ್ಲಿ ಇಂಥ ಗುಳ್ಳೆ ಹೆಚ್ಚು. ಅದಕ್ಕೇ ತುಂತುರು ಹನಿಗೆ ಘಮ ಜಾಸ್ತಿ.

ಈ ವಾಸನೆಗೆ 1964ರಲ್ಲಿ ಒಂದು ಹೆಸರು ಬಂತು. ಆಸ್ಟ್ರೇಲಿಯಾ ದೇಶದ ಇಬ್ಬರು ವಿಜ್ಞಾನಿಗಳು ಆ ಹೆಸರು ಕೊಟ್ಟರು. ಅವರಲ್ಲಿ ಒಬ್ಬರು ಹೆಣ್ಣುಮಗಳು. ಇಸಾಬೆಲ್ ಜಾಯ್ ಬೇರ್ ಅಂತ ಅವರ ಹೆಸರು. ಇನ್ನೊಬ್ಬರು ರಿಚರ್ಡ್ ಥಾಮಸ್. ಆದರೆ ನಮ್ಮ ದೇಶದ ಕೈಕೆಲಸದವರು ಅದಕ್ಕೂ ಮುಂಚೆಯೇ ಈ ವಾಸನೆಯನ್ನು ಶೀಸೆಗೆ ತುಂಬಿದ್ದರು. ಉತ್ತರ ಪ್ರದೇಶದ ಕನ್ನೌಜ ಊರಿನಲ್ಲಿ ಮಣ್ಣಿನಿಂದ ಅತ್ತರು ತೆಗೆಯುತ್ತಾರೆ. ಮಣ್ಣಿನ ಬಿಲ್ಲೆ ಸುಟ್ಟು, ನೀರಿನಲ್ಲಿ ಕುದಿಸಿ, ಉಗಿ ಹಿಡಿದು ಅತ್ತರು ಮಾಡುತ್ತಾರೆ.

ನೋಡಿ, ಮಣ್ಣು ಯಾಕೆ ಘಮ್ ಅನ್ನುತ್ತದೆ ಅಂತ ಕೇಳುವುದು ಹುಚ್ಚು ಪ್ರಶ್ನೆ ಅಲ್ಲ. ದೊಡ್ಡ ವಿಜ್ಞಾನಿಗಳು ಕೇಳಿದ್ದೂ ಅದನ್ನೇ.

ನಾಲ್ಕನೆಯ ಪ್ರಶ್ನೆ: ದೀಪದ ಸುತ್ತ ಹುಳ ಯಾಕೆ ಸುತ್ತುತ್ತವೆ?

ಮಳೆ ನಿಂತ ಸಂಜೆ ದೀಪ ಹಚ್ಚಿದರೆ ಸಾಕು. ರೆಕ್ಕೆಯ ಹುಳಗಳು ಮುತ್ತುತ್ತವೆ. ಅವುಗಳಲ್ಲಿ ಕೆಲವು ಗೆದ್ದಲು. ಹೌದು, ಬಾಗಿಲು ತಿನ್ನುವ ಅದೇ ಗೆದ್ದಲು. ಎಲ್ಲ ಗೆದ್ದಲಿಗೂ ರೆಕ್ಕೆ ಇಲ್ಲ. ಹೊಸ ಮನೆ ಕಟ್ಟಬೇಕಾದವಕ್ಕೆ ಮಾತ್ರ ರೆಕ್ಕೆ ಬರುತ್ತದೆ. ಮಳೆ ಬಂದು ಮಣ್ಣು ಮೆತ್ತಗಾದಾಗ ಹುತ್ತದಿಂದ ಹೊರಗೆ ಹಾರುತ್ತವೆ. ಸ್ವಲ್ಪ ಹೊತ್ತು ಹಾರಿ ರೆಕ್ಕೆ ಉದುರಿಸುತ್ತವೆ. ಗಂಡು-ಹೆಣ್ಣು ಜೋಡಿಯಾಗಿ ಮಣ್ಣಿನಲ್ಲಿ ಹೊಸ ಸಂಸಾರ ಹೂಡುತ್ತವೆ. ಬೆಳಿಗ್ಗೆ ನಾವು ಕಸ ಗುಡಿಸುವಾಗ ಸಿಗುವ ರಾಶಿ ರೆಕ್ಕೆ ಅದೇ.

ಹುಳ ದೀಪಕ್ಕೆ ಮರುಳಾಗುತ್ತದೆ ಅಂತ ಹಾಡಿನಲ್ಲಿ, ಗಾದೆಯಲ್ಲಿ ಕೇಳಿದ್ದೇವೆ. ನಿಜ ಸಂಗತಿ ಬೇರೆ. ವಿಜ್ಞಾನಿಗಳು ಬಹಳ ವೇಗದ ಕ್ಯಾಮೆರಾದಿಂದ ಚಿತ್ರ ತೆಗೆದು ನೋಡಿದರು. 2024ರಲ್ಲಿ ಅದನ್ನು ಪ್ರಕಟಿಸಿದರು. ಹಾರುವ ಹುಳಗಳಲ್ಲಿ ಹೆಚ್ಚಿನವು ಬೆನ್ನನ್ನು ಬೆಳಕಿನ ಕಡೆಗೆ ಇಡುತ್ತವೆ. ಲೋಕದಲ್ಲಿ ದೀಪ ಇಲ್ಲದಾಗ ರಾತ್ರಿ ಬೆಳಕು ಎಂದರೆ ಆಕಾಶ. ಬೆನ್ನು ಬೆಳಕಿಗೆ ಇದ್ದರೆ ಹೊಟ್ಟೆ ನೆಲಕ್ಕೆ. ಹಾರುವುದು ನೆಟ್ಟಗೆ. ಈಗ ಬೆಳಕು ಪಕ್ಕದಲ್ಲಿ, ಕಂಬದಲ್ಲಿ ಇದೆ. ಹುಳ ಅದಕ್ಕೆ ಬೆನ್ನು ತಿರುಗಿಸುತ್ತದೆ. ದಾರಿ ಓರೆಯಾಗುತ್ತದೆ. ಸುತ್ತಿ ಸುತ್ತಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅದು ಪ್ರೀತಿ ಅಲ್ಲ, ದಾರಿ ತಪ್ಪಿದ್ದು.

ಸಾವಿರಾರು ವರ್ಷದಿಂದ ಜನ ನೋಡುತ್ತಿದ್ದ ಸಂಗತಿ ಇದು. ಉತ್ತರದ ಒಂದು ಎಳೆ ಸಿಕ್ಕಿದ್ದು ಮೊನ್ನೆ ಮೊನ್ನೆ. ಹಾಗಾದರೆ ನಮ್ಮ ಪ್ರಶ್ನೆಗೆ ನಾವು ಯಾಕೆ ನಾಚಬೇಕು?

ಐದನೆಯ ಪ್ರಶ್ನೆ: ಮಿಂಚು ಮೊದಲು, ಗುಡುಗು ಆಮೇಲೆ. ಯಾಕೆ?

ಈ ಪ್ರಶ್ನೆಯನ್ನು ಗಮನ ಇಟ್ಟು ಕೇಳಿ. ಇದರಲ್ಲಿ ಜೀವ ಉಳಿಸುವ ಮಾತು ಇದೆ.

ಮಿಂಚು, ಗುಡುಗು ಎರಡೂ ಒಟ್ಟಿಗೇ ಹುಟ್ಟುತ್ತವೆ. ಮೋಡದಲ್ಲಿ ವಿದ್ಯುತ್ ಕೂಡಿಕೊಳ್ಳುತ್ತದೆ. ಅದು ಒಮ್ಮೆಗೇ ಹರಿದಾಗ ಬೆಳಕು. ಆ ದಾರಿಯ ಗಾಳಿ ಕ್ಷಣದಲ್ಲಿ ಭಯಂಕರ ಕಾಯುತ್ತದೆ. ಕಾದು ಸಿಡಿಯುತ್ತದೆ. ಅದೇ ಗುಡುಗು. ಬೆಳಕು ಕಣ್ಣು ಮಿಟುಕಿಸುವುದರೊಳಗೆ ಬರುತ್ತದೆ. ಶಬ್ದ ನಿಧಾನ. ಒಂದು ಕಿಲೋಮೀಟರ್ ಬರಲು ಅದಕ್ಕೆ ಸುಮಾರು ಮೂರು ಸೆಕೆಂಡ್ ಬೇಕು.

ಇಲ್ಲಿ ನಮ್ಮ ಎಣಿಕೆ ಕೆಲಸಕ್ಕೆ ಬರುತ್ತದೆ. ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಿ. ಒಂದು, ಎರಡು, ಮೂರು. ಗುಡುಗು ಕೇಳಿದಾಗ ನಿಲ್ಲಿಸಿ. ಬಂದ ಸಂಖ್ಯೆಯನ್ನು ಮೂರರಿಂದ ಭಾಗಿಸಿ. ಒಂಬತ್ತು ಎಣಿಸಿದರೆ ಸಿಡಿಲು ಮೂರು ಕಿಲೋಮೀಟರ್ ದೂರ. ಮೂರು ಎಣಿಸಿದರೆ ಒಂದೇ ಕಿಲೋಮೀಟರ್.

ಬಸವಕಲ್ಯಾಣದಲ್ಲಿ ನಿಂತರೆ ಹುಮನಾಬಾದ ಮೂಡಲ ದಿಕ್ಕಿಗೆ. ನೇರ ದಾರಿ ಹಿಡಿದರೂ 20 ಕಿಲೋಮೀಟರಿಗೆ ಕಡಿಮೆ ಇಲ್ಲ. ಕೆಲವು ರಾತ್ರಿ ಆ ದಿಕ್ಕಿನಲ್ಲಿ ಫಳ್ ಫಳ್ ಅಂತ ಮಿಂಚು ಕಾಣುತ್ತದೆ. ಗುಡುಗು ಮಾತ್ರ ಕೇಳಿಸುವುದಿಲ್ಲ. ಶಬ್ದ ಅಷ್ಟು ದೂರ ಬರುವುದರೊಳಗೆ ಸತ್ತುಹೋಗುತ್ತದೆ. ನಮಗೆ ಗುಡುಗು ಕೇಳುತ್ತಿದೆ ಎಂದರೆ ಸಿಡಿಲು ನಮ್ಮನ್ನು ಮುಟ್ಟುವಷ್ಟು ಹತ್ತಿರ ಇದೆ ಎಂದೇ ಅರ್ಥ.

ನಮ್ಮ ದೇಶದಲ್ಲಿ ಪ್ರತಿ ವರ್ಷ ಎರಡು ಸಾವಿರಕ್ಕೂ ಹೆಚ್ಚು ಜನ ಸಿಡಿಲಿಗೆ ಸಾಯುತ್ತಾರೆ. ಅವರಲ್ಲಿ ಬಹಳ ಮಂದಿ ಹೊಲದಲ್ಲಿ ದುಡಿಯುವವರು, ದನ-ಕುರಿ ಕಾಯುವವರು. ನಮ್ಮಂಥವರೇ.

ಹಸ್ತಾ-ಚಿತ್ತಿ ದಿನಗಳಲ್ಲಿ ನಮ್ಮ ಕಡೆ ಸೋಯಾಬೀನ್ ಕೊಯ್ಲು ನಡೆದಿರುತ್ತದೆ. ಕೊಯ್ದ ಬೆಳೆ ಹೊಲದಲ್ಲೇ ಬಿದ್ದಿರುತ್ತದೆ. ನೆನೆದರೆ ಕಾಳು ಕಪ್ಪಾಗುತ್ತದೆ, ರೇಟು ಬೀಳುತ್ತದೆ. ಅದಕ್ಕೆ ಮೋಡ ಕಪ್ಪಾದ ಕೂಡಲೇ ಎಲ್ಲರೂ ಓಡುತ್ತೇವೆ. ಬಣವೆ ಹಾಕುತ್ತೇವೆ. ತಾಡಪತ್ರಿ ಹೊದಿಸುತ್ತೇವೆ. ಆಮೇಲೆ ಮಳೆ ಹೊಡೆದಾಗ ಹತ್ತಿರದ ಬೇವಿನ ಗಿಡದ ಕೆಳಗೆ ಹೋಗಿ ಗುಂಪಾಗಿ ನಿಲ್ಲುತ್ತೇವೆ. ಅಲ್ಲೇ ಅಪಾಯ.

ಏನು ಮಾಡಬೇಕು? ಒಂದೊಂದಾಗಿ ಓದಿ. ಓದಿ ಮನೆಯವರಿಗೂ ಹೇಳಿ.

ಗುಡುಗು ಕೇಳಿದ ಕೂಡಲೇ ಕೆಲಸ ಬಿಡಿ. ಗಟ್ಟಿ ಗೋಡೆಯ ಮನೆಗೆ ಹೋಗಿ. ಬಸ್ಸು, ಕಾರಿನಂಥ ಮುಚ್ಚಿದ ಗಾಡಿಯಾದರೂ ಆಗುತ್ತದೆ. ಕಿಟಕಿ ಮುಚ್ಚಿಕೊಳ್ಳಿ.

ಗಿಡದ ಕೆಳಗೆ ನಿಲ್ಲಬೇಡಿ. ಒಂಟಿ ಗಿಡವಂತೂ ಬೇಡವೇ ಬೇಡ. ಸಿಡಿಲು ಎತ್ತರದ್ದನ್ನು ಹುಡುಕುತ್ತದೆ. ಗಿಡದಿಂದ ನಮಗೆ ಹಾರುತ್ತದೆ. ನಾಲ್ಕು ಕಂಬದ ಮೇಲಿನ ಗುಡಿಸಲೂ ಕಾಪಾಡುವುದಿಲ್ಲ.

ತಂತಿ ಬೇಲಿ, ಕರೆಂಟಿನ ಕಂಬ, ಪಂಪ್‌ಸೆಟ್ ಮುಟ್ಟಬೇಡಿ. ಕೆರೆ, ಬಾವಿ, ಕಾಲುವೆಯ ನೀರಿನಲ್ಲಿ ಇದ್ದರೆ ಹೊರಗೆ ಬನ್ನಿ.

ಬಯಲಿನಲ್ಲೇ ಸಿಕ್ಕಿಬಿದ್ದರೆ ಎಲ್ಲರೂ ದೂರ ದೂರ ಆಗಿ. ಕಾಲು ಜೋಡಿಸಿ ಕುಕ್ಕರಗಾಲಿನಲ್ಲಿ ಕೂರಿ. ತಲೆ ಬಗ್ಗಿಸಿ. ನೆಲದ ಮೇಲೆ ಮಲಗಬೇಡಿ. ಇದರಿಂದ ಅಪಾಯ ಪೂರ್ತಿ ಹೋಗುವುದಿಲ್ಲ, ಕಡಿಮೆ ಆಗುತ್ತದೆ ಅಷ್ಟೇ. ಮನೆ ಸೇರುವುದೇ ಒಳ್ಳೆಯದು.

ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಹೊರಗೆ ಬರಬೇಡಿ.

ಯಾರಿಗಾದರೂ ಸಿಡಿಲು ಬಡಿದರೆ ಮುಟ್ಟಲು ಹೆದರಬೇಡಿ. ಅವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ. ಕೂಡಲೇ 108ಕ್ಕೆ ಫೋನ್ ಮಾಡಿ. ಉಸಿರು ನಿಂತಿದ್ದರೆ ಎದೆಯ ನಡುವೆ ಎರಡೂ ಕೈಯಿಂದ ಬಿಡದೆ ಒತ್ತಬೇಕು. ಇದನ್ನು ಮುಂಚೆಯೇ ಆಸ್ಪತ್ರೆಯ ಸಿಸ್ಟರ ಹತ್ತಿರ ಕೇಳಿ ಕಲಿತುಕೊಂಡರೆ ಒಳ್ಳೆಯದು. ಕೆಲವು ಕಡೆ ಸಿಡಿಲು ಬಡಿದವರನ್ನು ಸಗಣಿಯಲ್ಲಿ ಹೂಳುತ್ತಾರೆ. ಅದರಿಂದ ಏನೂ ಆಗುವುದಿಲ್ಲ. ಜೀವ ಉಳಿಸುವ ಹೊತ್ತು ಮಾತ್ರ ಕಳೆದುಹೋಗುತ್ತದೆ.

"ಅರ್ಜುನ, ಅರ್ಜುನ ಅಂದ್ರ ಸಿಡ್ಲು ಬಡ್ಯಂಗಿಲ್ಲ ಅಂತಾರಲ್ರಿ?" ಅಂತ ಕೆಲವು ಅವ್ವಂದಿರು ಕೇಳುತ್ತಾರೆ. ಹೆಸರು ಹೇಳಿದರೆ ಮನಸ್ಸಿಗೆ ಧೈರ್ಯ ಬರುತ್ತದೆ. ಬೇಕಾದರೆ ಹೇಳಿ ಅವ್ವಾ. ಆದರೆ ಗಿಡದ ಕೆಳಗೆ ನಿಂತು ಹೇಳಬೇಡಿ. ಮನೆಯೊಳಗೆ ಕೂತು ಹೇಳಿ.

ಮನೆಯಲ್ಲಿ ಯಾರ ಹತ್ತಿರವಾದರೂ ದೊಡ್ಡ ಫೋನ್ ಇದ್ದರೆ ಅದರಲ್ಲಿ 'ದಾಮಿನಿ' ಎಂಬ ಆ್ಯಪ್ ಹಾಕಿಸಿಕೊಳ್ಳಿ. ಪುಣೆಯ ಹವಾಮಾನ ಸಂಸ್ಥೆಯವರು ಅದನ್ನು ಮಾಡಿದ್ದಾರೆ. ಸಿಡಿಲು ಹತ್ತಿರ ಬರುವ ಸೂಚನೆ ಕೊಡುತ್ತದೆ. ಫೋನ್ ಹಿಡಿಯುವುದು ಮಕ್ಕಳ ಕೆಲಸ ಅಂತ ಬಿಡಬೇಡಿ. ಅಕ್ಷರ ಬಂದ ಮೇಲೆ ಸೂಚನೆ ಓದುವುದು ನಮಗೂ ಬರುತ್ತದೆ.

ಹೊಲದ ಒಡೆಯರಿಗೂ ಒಂದು ಮಾತು ಹೇಳಬೇಕು. "ಗುಡುಗು ಹತ್ತಿರ ಬಂದದ. ನಾವು ಮನಿಗಿ ಹೋಗಿ ಆಮ್ಯಾಲ ಬರ್ತೀವಿ." ಇಷ್ಟು ಹೇಳಲು ಹಿಂಜರಿಯಬೇಡಿ. ಒಬ್ಬಳು ಹೇಳಿದರೆ ಬೈದಾರು. ಹತ್ತು ಜನ ಕೂಡಿ ಹೇಳಿದರೆ ಕೇಳುತ್ತಾರೆ. ಸೋಯಾಬೀನ್ ಮುಂದಿನ ವರ್ಷವೂ ಬೆಳೆಯುತ್ತದೆ. ಹೋದ ಜೀವ ಬರುವುದಿಲ್ಲ.

ಕೊನೆಯ ಪ್ರಶ್ನೆ: ಹೆಣ್ಣುಮಕ್ಕಳು ಪ್ರಶ್ನೆ ಕೇಳಬಹುದೇ?

ಈ ಪ್ರಶ್ನೆಗೆ ನಮ್ಮ ಕಲ್ಯಾಣದ ನೆಲವೇ ಉತ್ತರ ಹೇಳುತ್ತದೆ.

ಸುಮಾರು 900 ವರ್ಷದ ಹಿಂದೆ ಕಲ್ಯಾಣ ಚಾಲುಕ್ಯರ ರಾಜಧಾನಿ. ಮೂರನೆಯ ಸೋಮೇಶ್ವರ ಎಂಬ ಅರಸ ಇಲ್ಲಿ ಆಳಿದ. ಅವನು 'ಮಾನಸೋಲ್ಲಾಸ' ಎಂಬ ದೊಡ್ಡ ಪುಸ್ತಕ ಬರೆಸಿದ, ಅವನೇ ಬರೆದ ಅಂತಲೂ ಹೇಳುತ್ತಾರೆ. ಅದರಲ್ಲಿ 100 ಅಧ್ಯಾಯ. ರಾಜ್ಯದ ಮಾತು ಮಾತ್ರ ಅಲ್ಲ. ಅಡುಗೆ, ಆಟ, ಹಾಡು, ಚಿತ್ರ, ಆನೆ, ಕುದುರೆ, ಎಲ್ಲ ಇದೆ. ಉದ್ದಿನ ಹಿಟ್ಟಿನಿಂದ ಇಡ್ಲಿಯಂಥ ತಿಂಡಿ ಮಾಡುವುದೂ ಇದೆ. ದಿನದ ಸಂಗತಿಗಳು ಅರಸನಿಗೂ ಸಣ್ಣವು ಅನ್ನಿಸಲಿಲ್ಲ. ಆದರೆ ಆ ಪುಸ್ತಕ ಸಂಸ್ಕೃತದಲ್ಲಿ ಇತ್ತು. ಓದುವವರು ಕೆಲವರೇ.

ಅದಾದ ಕೆಲವೇ ವರ್ಷಗಳಲ್ಲಿ ಇದೇ ಊರಿನಲ್ಲಿ ಶರಣರು ಕೂಡಿದರು. ಅವರು ಆಡಿದ್ದು ಜನರ ಕನ್ನಡ. ಅಲ್ಲಿ ಹೆಣ್ಣುಮಕ್ಕಳೂ ಇದ್ದರು. ಬಸವಣ್ಣನವರ ಅಕ್ಕ ನಾಗಮ್ಮ ಇದ್ದರು. ಬೀದಿ ಗುಡಿಸುವ ಸತ್ಯಕ್ಕ ಇದ್ದರು. ಅಕ್ಕಮಹಾದೇವಿ ಬಂದಾಗ ಅಲ್ಲಮಪ್ರಭು ಅವರನ್ನು ಪ್ರಶ್ನೆ ಮಾಡಿದರು. ಅಕ್ಕ ತಲೆ ತಗ್ಗಿಸಲಿಲ್ಲ, ಉತ್ತರ ಕೊಟ್ಟರು. ಆಯ್ದಕ್ಕಿ ಲಕ್ಕಮ್ಮನ ಕತೆ ನಿಮಗೆ ಗೊತ್ತೇ ಇದೆ. ಗಂಡ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ. ನಮಗೆ ಇಷ್ಟು ಯಾಕೆ ಅಂತ ಲಕ್ಕಮ್ಮ ಕೇಳಿದಳು. ಹೆಚ್ಚಿನ ಅಕ್ಕಿಯನ್ನು ತಿರುಗಿ ಹಾಕಿಸಿದಳು. ಒಂದು ಪ್ರಶ್ನೆ ಗಂಡನ ದಾರಿಯನ್ನೇ ತಿದ್ದಿತು.

ಮೂವತ್ತಕ್ಕೂ ಹೆಚ್ಚು ಶರಣೆಯರ ವಚನಗಳು ಇವತ್ತು ನಮಗೆ ಸಿಕ್ಕಿವೆ. ಯಾಕೆ ಸಿಕ್ಕಿವೆ? ಅವನ್ನು ಬರೆದಿಟ್ಟರು, ಅದಕ್ಕೆ. ಕೇಳಿದ ಪ್ರಶ್ನೆ ಗಾಳಿಗೆ ಹೋಗುತ್ತದೆ. ಬರೆದ ಪ್ರಶ್ನೆ ಉಳಿಯುತ್ತದೆ.

ಅಕ್ಕಂದಿರೇ, ನಿಮ್ಮ ನೋಟ್‌ಬುಕ್ಕಿನಲ್ಲಿ ಇಷ್ಟು ದಿನ ಹೆಸರು ಬರೆದಿರಿ, ಊರು ಬರೆದಿರಿ, ಸಂತೆಯ ಲೆಕ್ಕ ಬರೆದಿರಿ. ಈಗ ಒಂದು ಹಾಳೆ ಬೇರೆ ಇಡಿ. ಮೇಲೆ 'ನನ್ನ ಪ್ರಶ್ನೆ' ಅಂತ ಬರೆಯಿರಿ. ಮಳೆಗಾಲದಲ್ಲಿ ಉಪ್ಪು ಯಾಕೆ ನೀರಾಗುತ್ತದೆ? ಕಪ್ಪೆ ಬೇಸಿಗೆಯಲ್ಲಿ ಎಲ್ಲಿ ಇರುತ್ತದೆ? ನನ್ನ ಕೂಲಿ ಗಂಡಸಿನ ಕೂಲಿಗಿಂತ ಯಾಕೆ ಕಡಿಮೆ? ರೇಷನ್ ಕಾರ್ಡಿನಲ್ಲಿ ಎಷ್ಟು ಕಿಲೋ ಅಂತ ಬರೆದಿದೆ, ಕೈಗೆ ಎಷ್ಟು ಬಂತು? ಯಾವ ಪ್ರಶ್ನೆ ಆದರೂ ಆಗಲಿ. ತಪ್ಪು ಅಕ್ಷರ ಬಂದರೂ ಚಿಂತೆ ಇಲ್ಲ.

ಉತ್ತರ ಕೂಡಲೇ ಸಿಗಬೇಕು ಅಂತಿಲ್ಲ. ಕೂಡಿ ಹುಡುಕೋಣ. ಶಾಲೆಗೆ ಹೋಗುವ ಮಗಳನ್ನು ಕೇಳೋಣ. ಟೀಚರನ್ನು ಕೇಳೋಣ. ಪಂಚಾಯಿತಿಗೆ ಹೋಗಿ ಕೇಳೋಣ. ಪುಸ್ತಕ ತೆಗೆದು ನೋಡೋಣ.

ಮುಂದಿನ ವಾರ ಬರುವಾಗ ಒಬ್ಬೊಬ್ಬರು ಒಂದೊಂದು ಪ್ರಶ್ನೆ ಬರೆದು ತನ್ನಿ. ಗಟ್ಟಿಯಾಗಿ ಓದಿ ಕೇಳಿಸಿ.